ಚೋರ್ಲಾ ಮಳೆ, ಚೇಳಿನ ಕಾರು: ಅಬಾರ್ತ್ ಪುಂಟೊಗೆ ಹಾಕಿಸಿದ ಪೈಲಟ್ ಸ್ಪೋರ್ಟ್ 4 ಟೈರು, 11 ಸಾವಿರ ಕಿ.ಮೀ. ಆದ ಮೇಲೆ

ಇವತ್ತು ಬೆಳಿಗ್ಗೆ ಕಾರು ತೊಳೆದು ಒಣಗಲು ಬಿಟ್ಟು ಟೈರಿನ ಟ್ರೆಡ್, ಅಂದರೆ ಮೇಲಿನ ಗೀರುಗಳ ಆಳ, ಅಳೆದೆ. ಮುಂದಿನ ಎರಡರಲ್ಲಿ 4.8 ಮಿ.ಮೀ. ಉಳಿದಿದೆ, ಹಿಂದಿನವುಗಳಲ್ಲಿ 6.3. ಹೋದ ವರ್ಷ ಜುಲೈನಲ್ಲಿ ಹಾಕಿಸಿದ ದಿನ ನಾಲ್ಕೂ 7.4 ಇದ್ದವು. ಮಧ್ಯೆ 11 ಸಾವಿರ ಕಿ.ಮೀ. ಓಡಿದೆ. ಒಂದು ಪೂರ್ತಿ ಮಳೆಗಾಲ, ಒಂದು ಕಬ್ಬಿನ ಸೀಸನ್, ಒಂದು ಬೇಸಿಗೆ, ಮತ್ತೆ ಚೆನ್ನೈ ಹತ್ತಿರದ ರೇಸ್ ಟ್ರಾಕ್‌ನಲ್ಲಿ ಒಂದು ದಿನ. ಈಗ ಬರೆಯಬಹುದು ಅನ್ನಿಸಿತು. ಟೈರ್ ಹಾಕಿಸಿದ ವಾರಕ್ಕೇ ಬರೆಯುವ ರಿವ್ಯೂ ನನಗೆ ಅಷ್ಟು ನಂಬಿಕೆ ಹುಟ್ಟಿಸುವುದಿಲ್ಲ. ಹೊಸ ಟೈರು ಯಾವುದೇ ಇರಲಿ, ಹಳೇದಕ್ಕಿಂತ ಚೆನ್ನಾಗೇ ಇರುತ್ತದೆ ಅಲ್ವಾ.

ಕಾರು ಫಿಯಾಟ್ ಅಬಾರ್ತ್ ಪುಂಟೊ. ಬೆಳಗಾವಿಯಲ್ಲಿ ನನ್ನದು ಬಿಟ್ಟರೆ ನನ್ನ ಕಣ್ಣಿಗೆ ಬಿದ್ದಿರುವುದು ಇನ್ನೊಂದೇ, ಅದೂ ಎಂಎಚ್ 09 ನಂಬರಿನದು, ಕೊಲ್ಹಾಪುರದ ಕಡೆಯದು. ಬಾಗಿಲಿನ ಕೆಳಗಿನ ಕೆಂಪು ಪಟ್ಟಿ, ಬಾನೆಟ್ ಮೇಲಿನ ಚೇಳು ನೋಡದಿದ್ದರೆ ಸಾದಾ ಪುಂಟೊ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಒಳಗಿರುವುದು ಬೇರೆಯೇ. 1368 ಸಿಸಿ ಟಿ-ಜೆಟ್ ಟರ್ಬೊ ಪೆಟ್ರೋಲ್ ಎಂಜಿನ್, 145 ಪಿಎಸ್ ಶಕ್ತಿ, 212 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ), ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 8.8 ಸೆಕೆಂಡ್ ಅಂತ ಕಂಪನಿಯ ಲೆಕ್ಕ. 2015ರ ಅಕ್ಟೋಬರ್‌ನಲ್ಲಿ ಬಂದಾಗ ದೆಹಲಿ ಎಕ್ಸ್‌ಶೋರೂಮ್ ಬೆಲೆ 9.95 ಲಕ್ಷ. ಆ ದುಡ್ಡಿಗೆ ಇಷ್ಟು ಜೋರಿನ ಕಾರು ಆಗ ಬೇರೆ ಇರಲಿಲ್ಲ. ತಯಾರಾಗುತ್ತಿದ್ದುದು ಪುಣೆ ಹತ್ತಿರದ ರಂಜನಗಾಂವ್‌ನಲ್ಲಿ, ನಮ್ಮಿಂದ ಒಂದು ದಿನದ ದಾರಿಯೂ ಅಲ್ಲ. ಆದರೂ ಮಾರಾಟವಾದದ್ದು ಬಹಳ ಕಡಿಮೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬರುವ ಮೊದಲೇ ಪುಂಟೊ, ಫಿಯಾಟ್‌ನದೇ ಸೆಡಾನ್ ಲಿನಿಯಾ ಎರಡೂ ನಿಂತುಹೋದವು. ಆ ಚೇಳಿನ ಗುರುತು ಕಾರ್ಲೊ ಅಬಾರ್ತ್ ಅನ್ನುವವರ ರಾಶಿಯದು, ವೃಶ್ಚಿಕ. 1949ರಲ್ಲಿ ಅವರು ಇಟಲಿಯಲ್ಲಿ ಕಂಪನಿ ಶುರು ಮಾಡಿದಾಗ ಅದನ್ನೇ ಚಿಹ್ನೆ ಮಾಡಿಕೊಂಡರು.

ಈ ಕಾರಿಗೆ ಟೈರು ಯಾಕೆ ಇಷ್ಟು ಮುಖ್ಯ ಅಂದರೆ, ಇದು ಮುಂದಿನ ಚಕ್ರದಿಂದ ಎಳೆಯುವ ಕಾರು, ಮತ್ತೆ ಇದರಲ್ಲಿ ಚಕ್ರ ಜಾರಿ ಸುಮ್ನೆ ಸುತ್ತದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲ್ ಇಲ್ಲ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಇದೆ, ಅಷ್ಟೇ. 2000 ಆರ್‌ಪಿಎಂ ಒಳಗೆ ಎಂಜಿನ್ ಸುಮ್ನೆ ಇರುತ್ತದೆ. 2000 ದಾಟಿತೋ, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಎದ್ದು ಪೂರ್ತಿ 212 ಎನ್‌ಎಂ ಒಟ್ಟಿಗೆ ಮುಂದಿನ ಎರಡು ಚಕ್ರಕ್ಕೆ ಇಳಿಯುತ್ತದೆ. ಅದೇ ಎರಡು ಚಕ್ರ ಕಾರನ್ನು ತಿರುಗಿಸಬೇಕು, ಬ್ರೇಕಿನ ಭಾರದಲ್ಲಿ ಜಾಸ್ತಿ ಪಾಲು ಹೊರಬೇಕು, ಎಂಜಿನ್ ತೂಕವನ್ನೂ ಹೊತ್ತಿರಬೇಕು. ಒಂದೊಂದು ಟೈರು ನೆಲಕ್ಕೆ ತಾಗುವ ಜಾಗ ಅಂಗೈಯಷ್ಟು. ತಿರುವಿನ ನಡುವೆ ಅರಿವಿಲ್ಲದೆ ಆಕ್ಸಿಲರೇಟರ್ ಒತ್ತಿದರೆ ಸ್ಟಿಯರಿಂಗ್ ಕೈಯಲ್ಲಿ ಜಗ್ಗುತ್ತದೆ, ಮುಂಭಾಗ ಹೊರಗೆ ಜಾರಲು ಶುರುವಾಗುತ್ತದೆ. ಆಗ ನಿಮ್ಮನ್ನು ಹಿಡಿಯುವ ಕಂಪ್ಯೂಟರ್ ಯಾವುದೂ ಇಲ್ಲ. ಟೈರು ಮಾತ್ರ ಇರುತ್ತದೆ.

ನಾನು ಓಡಿಸುವ ರಸ್ತೆಗಳನ್ನೂ ಹೇಳಬೇಕು, ಇಲ್ಲದಿದ್ದರೆ ಈ ರಿವ್ಯೂಗೆ ಅರ್ಥವಿಲ್ಲ. ವಾರದ ದಿನಗಳಲ್ಲಿ ಟಿಳಕವಾಡಿಯಿಂದ ಉದ್ಯಮಬಾಗಕ್ಕೆ ಕೆಲಸಕ್ಕೆ, ಖಾನಾಪುರ ರಸ್ತೆಯ ಟ್ರಾಫಿಕ್, ಗುಂಡಿ, ಹಂಪು. ತಿಂಗಳಿಗೆ ಒಂದೆರಡು ಸಲ ಎನ್‌ಎಚ್ 48ರಲ್ಲಿ ಧಾರವಾಡದ ಕಡೆಗೋ ನಿಪ್ಪಾಣಿ ಕಡೆಗೋ. ಭಾನುವಾರ ಬೆಳಿಗ್ಗೆ ಐದೂವರೆಗೆ ಎದ್ದು ಜಾಂಬೋಟಿ, ಕಣಕುಂಬಿ ದಾಟಿ ಗೋವಾ ದಾರಿಯ ಚೋರ್ಲಾ ಘಾಟಿಗೆ. ಈ ಕೊನೆಯ ರಸ್ತೆಗೋಸ್ಕರವೇ ನಾನು ಈ ಕಾರು ಕೊಂಡಿದ್ದು. ಮಲಪ್ರಭೆ ಹುಟ್ಟುವ ಊರು ಕಣಕುಂಬಿ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವ ರೀತಿ ಬೆಳಗಾವಿ ಊರೊಳಗಿನವರಿಗೂ ಊಹೆಗೆ ಸಿಗುವುದಿಲ್ಲ. ಇಲ್ಲಿ ಗೋಗಟೆ ಸರ್ಕಲ್‌ನಲ್ಲಿ ಜಿಟಿಜಿಟಿ ಇದ್ದರೆ ಅಲ್ಲಿ ವೈಪರ್ ಸಾಕಾಗುವುದಿಲ್ಲ. ರಸ್ತೆ ಮೇಲೆ ಕೆಂಪು ಮಣ್ಣಿನ ನೀರು ಅಡ್ಡಲಾಗಿ ಹರಿಯುತ್ತದೆ, ಮರದ ಕೆಳಗೆಲ್ಲ ಪಾಚಿ, ಭೀಮಗಡದ ಕಾಡು ಪಕ್ಕದಲ್ಲೇ ಇರುವುದರಿಂದ ಕಾಡುಕೋಣ ಯಾವ ತಿರುವಿನಲ್ಲಿ ನಿಂತಿದೆಯೋ ಹೇಳಲಾಗದು.

ಕಾರನ್ನು ನಾನು ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅದರ ಜೊತೆ ಬಂದ ಟೈರುಗಳ ಕಂಪನಿ ಹೆಸರು ಬೇಡ, ತಪ್ಪು ಅವುಗಳದ್ದಕ್ಕಿಂತ ವಯಸ್ಸಿನದ್ದು ಜಾಸ್ತಿ. ಟ್ರೆಡ್ ಇನ್ನೂ 4 ಮಿ.ಮೀ. ಇತ್ತು, ನೋಡಲು ಚೆನ್ನಾಗಿದ್ದವು. ಆದರೆ ಉಗುರಿನಿಂದ ಒತ್ತಿದರೆ ಗುರುತೇ ಬೀಳುತ್ತಿರಲಿಲ್ಲ, ಅಷ್ಟು ಗಟ್ಟಿ. ಹೋದ ಜೂನ್ ಕೊನೆಯ ವಾರ, ಕಣಕುಂಬಿ ಇನ್ನೂ ಸ್ವಲ್ಪ ದೂರ ಇತ್ತು, ಎಡಕ್ಕೆ ಸುತ್ತುವ ಒಂದು ಸಾಮಾನ್ಯ ತಿರುವು. ವೇಗ 50 ಇರಬಹುದು, ಮೂರನೇ ಗೇರ್. ಮಳೆ ಬಿಟ್ಟು ಹತ್ತು ನಿಮಿಷ ಆಗಿತ್ತು. ಸ್ಟಿಯರಿಂಗ್ ತಿರುಗಿಸಿದೆ, ಕಾರು ತಿರುಗಿತು. ತಿರುವಿನ ಅರ್ಧಕ್ಕೆ ಬಂದಾಗ ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರವಾಯಿತು, ಕೈಯಲ್ಲಿ ಏನೂ ಇಲ್ಲದ ಹಾಗೆ. ಒಂದು ಕ್ಷಣದ ಹಿಂದೆ ಹಿಡಿತ ಇತ್ತು, ಮರುಕ್ಷಣ ಇಲ್ಲ. ಕಾರು ನೇರವಾಗಿ ಬಲಗಡೆ ಲೇನ್‌ಗೆ ಹೋಯಿತು. ಎದುರಿಗೆ ಏನೂ ಬರುತ್ತಿರಲಿಲ್ಲ. ಆಕ್ಸಿಲರೇಟರ್ ಬಿಟ್ಟೆ, ಸ್ಟಿಯರಿಂಗ್ ಸ್ವಲ್ಪ ಸಡಿಲಿಸಿದೆ, ಮುಂದಿನ ಚಕ್ರ ಮತ್ತೆ ಹಿಡಿಯಿತು. ಪಕ್ಕಕ್ಕೆ ನಿಲ್ಲಿಸಿ ಐದು ನಿಮಿಷ ಕೂತೆ. ಹಾಲಿನ ಗಾಡಿಯೊಂದು ಎದುರಿನಿಂದ ಬಂದು ಹೋಯಿತು. ಅದು ಅರ್ಧ ನಿಮಿಷ ಮೊದಲು ಬಂದಿದ್ದರೆ ಏನಾಗುತ್ತಿತ್ತು ಅನ್ನುವುದು ನನಗೆ ಈಗಲೂ ನೆನಪಾಗುತ್ತದೆ.

ಮನೆಗೆ ಬಂದು ಟೈರಿನ ಪಕ್ಕದ ಗೋಡೆಯ ಮೇಲೆ ಡಾಟ್ ಅಂತ ಶುರುವಾಗುವ ಸಾಲು ಹುಡುಕಿದೆ. ಅದರ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2321 ಅಂತ ಇದ್ದರೆ 2021ರ 23ನೇ ವಾರ. ನನ್ನವಕ್ಕೆ ಆರು ವರ್ಷ ತುಂಬಿತ್ತು. ರಬ್ಬರು ಓಡದೆ ನಿಂತರೂ ಬಿಸಿಲಿಗೆ, ಗಾಳಿಗೆ ಗಟ್ಟಿಯಾಗುತ್ತದೆ. ಟ್ರೆಡ್ ಆಳ ನೋಡಿ ಟೈರು ಚೆನ್ನಾಗಿದೆ ಅಂತ ಅಂದುಕೊಳ್ಳುವವರು ದಯವಿಟ್ಟು ಈ ನಾಲ್ಕು ಅಂಕಿ ಒಮ್ಮೆ ಓದಿ. ಅಲ್ಲಿಂದ ನನಗೆ ಬೇಕಾದದ್ದು ಏನು ಅನ್ನುವುದೂ ಗಟ್ಟಿಯಾಯಿತು. ಜಾಸ್ತಿ ಹಿಡಿತ ಬೇಕು, ನಿಜ. ಅದಕ್ಕಿಂತ ಮೊದಲು, ಹಿಡಿತ ಬಿಡುವ ಮುಂಚೆ ಕೈಗೆ ಹೇಳುವ ಟೈರು ಬೇಕು. ಹೇಳದೆ ಬಿಡುವ ಟೈರು ಎಷ್ಟು ಹಿಡಿದರೂ ನನಗೆ ಬೇಡ.

ಮುಂದಿನದು ಅಳತೆ. ಕಂಪನಿ ಕೊಟ್ಟದ್ದು 195/55 ಆರ್ 16. ಅಂದರೆ ಅಗಲ 195 ಮಿ.ಮೀ., ಗೋಡೆಯ ಎತ್ತರ ಅದರ ಶೇ. 55, ರಿಮ್ 16 ಇಂಚು. ಈ ಅಳತೆಯಲ್ಲಿ ನಮ್ಮಲ್ಲಿ ಸಿಗುವ ಒಳ್ಳೆ ಟೈರುಗಳು ಬಹುತೇಕ ಆರಾಮದ ಓಡಾಟಕ್ಕೆ ಮಾಡಿದವು. ಮಿಶೆಲಿನ್ ಪ್ರೈಮಸಿ 4 ಎಸ್‌ಟಿ, ಕಾಂಟಿನೆಂಟಲ್ ಅಲ್ಟ್ರಾಕಾಂಟಾಕ್ಟ್ ಯುಸಿ6 ಇಂಥವು. ಎರಡೂ ಒಳ್ಳೆಯವೇ, ಮನೆಯಲ್ಲಿ ಇನ್ನೊಂದು ಕಾರು ಇದ್ದಿದ್ದರೆ ಅದಕ್ಕೆ ಕಣ್ಣು ಮುಚ್ಚಿ ಹಾಕಿಸುತ್ತಿದ್ದೆ. ಆದರೆ ಈ ಕಾರಿನ ಸ್ಟಿಯರಿಂಗ್ ಹೈಡ್ರಾಲಿಕ್, ರಸ್ತೆಯ ಸುದ್ದಿಯನ್ನು ಚೆನ್ನಾಗಿ ಕೈಗೆ ತರುವಂಥದ್ದು. ಅದಕ್ಕೆ ಮೆತ್ತನೆ ಗೋಡೆಯ ಟೈರು ಹಾಕಿದರೆ ನಡುವೆ ಒಂದು ದಿಂಬು ಇಟ್ಟ ಹಾಗೆ. ಸ್ಪೋರ್ಟ್ ಜಾತಿಯ ಟೈರು ಹುಡುಕಿದರೆ ಕೈಗೆ ಸಿಕ್ಕ ಅಳತೆ 205/55 ಆರ್ 16.

ಇಲ್ಲಿ ಲೆಕ್ಕ ಹಾಕಿಯೇ ಮುಂದೆ ಹೋದೆ. 195/55ರ ಪೂರ್ತಿ ವ್ಯಾಸ 620.9 ಮಿ.ಮೀ., 205/55ರದ್ದು 631.9. ವ್ಯತ್ಯಾಸ 11 ಮಿ.ಮೀ., ಶೇ. 1.8 ಹತ್ತಿರ. ಸಾಮಾನ್ಯವಾಗಿ ಶೇ. 3ರ ಒಳಗಿರಲಿ ಅನ್ನುತ್ತಾರೆ. ಸ್ಪೀಡೋಮೀಟರ್ 100 ತೋರಿಸುವಾಗ ಮೊದಲಿಗಿಂತ ಎರಡು ಕಿ.ಮೀ. ಜಾಸ್ತಿ ಓಡುತ್ತಿರುತ್ತೀರಿ ಅಷ್ಟೇ. ನೆಲದಿಂದ ಎತ್ತರ ಐದೂವರೆ ಮಿ.ಮೀ. ಹೆಚ್ಚುತ್ತದೆ. 155 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇರುವ ಕಾರಿಗೆ ನಮ್ಮ ಹಳ್ಳಿ ಹಂಪುಗಳ ಮೇಲೆ ಅಷ್ಟಾದರೂ ಸಿಕ್ಕಿದ್ದು ಲಾಭವೇ. 205 ಅಗಲದ ಈ ಟೈರಿಗೆ 5.5ರಿಂದ 7.5 ಇಂಚು ಅಗಲದ ರಿಮ್ ನಡೆಯುತ್ತದೆ, ಕಾರಿನ ಸ್ವಂತ ಅಲಾಯ್ ಸಾಕು. ನನಗೆ ಪೂರ್ತಿ ಧೈರ್ಯ ಬಂದದ್ದು ಇನ್ನೊಂದು ಕಾರಣಕ್ಕೆ. ಇದೇ ಮನೆತನದ ಲಿನಿಯಾ ಟಿ-ಜೆಟ್ ಶೋರೂಮಿನಿಂದಲೇ 205/55 ಆರ್ 16 ಹಾಕಿಕೊಂಡು ಬರುತ್ತಿತ್ತು. ಆದರೂ ಇನ್ಶೂರೆನ್ಸ್‌ನವರಿಗೆ ಒಂದು ಮಾತು ತಿಳಿಸಿ ಆಮೇಲೆ ಹಾಕಿಸಿ, ನಾನು ಹಾಗೇ ಮಾಡಿದೆ.

ಆರಿಸಿದ್ದು ಮಿಶೆಲಿನ್ ಪೈಲಟ್ ಸ್ಪೋರ್ಟ್ 4. ಪಕ್ಕದ ಗೋಡೆಯ ಮೇಲೆ 91ಡಬ್ಲ್ಯೂ ಅಂತ ಇದೆ. 91 ಅಂದರೆ ಒಂದು ಟೈರು 615 ಕೆ.ಜಿ. ಹೊರಬಲ್ಲದು, ಡಬ್ಲ್ಯೂ ಅಂದರೆ 270 ಕಿ.ಮೀ. ವೇಗದವರೆಗೆ ತಾಳುತ್ತದೆ. ಆ ವೇಗ ಈ ಕಾರಿಗೂ ಬೇಡ, ನಮ್ಮ ರಸ್ತೆಗೂ ಬೇಡ. ಆದರೆ ಅಷ್ಟು ಬಿಸಿ ತಾಳಲು ಮಾಡಿದ ಟೈರು ಟ್ರಾಕ್‌ನಲ್ಲಿ ಹತ್ತು ಸುತ್ತು ಹೊಡೆದಾಗ ಉಪಯೋಗಕ್ಕೆ ಬರುತ್ತದೆ. ಒಳಗಿನ ಪಟ್ಟಿಯಲ್ಲಿ ನೈಲಾನ್ ಜೊತೆ ಅರಾಮಿಡ್ ಅನ್ನುವ ಬಲು ಗಟ್ಟಿ ದಾರ ಹೆಣೆದಿದ್ದಾರೆ, ವೇಗದಲ್ಲಿ ಟೈರು ಉಬ್ಬದೆ ಆಕಾರ ಹಿಡಿದುಕೊಂಡಿರಲಿ ಅಂತ. ಸುತ್ತಲೂ ಅಗಲವಾದ ಗ್ರೂವ್‌ಗಳಿವೆ, ನೀರು ಹೊರಗೆ ತಳ್ಳಲು. ನನ್ನ ಕಣ್ಣು ಮೊದಲು ಹೋದದ್ದು ಆ ಗ್ರೂವ್‌ಗಳ ಮೇಲೆಯೇ.

ಅಂಗಡಿ ವಿಷಯ ಸ್ವಲ್ಪ ಹೇಳುತ್ತೇನೆ. ಮೊದಲು ಹೋದ ಕಡೆ ಬೆಲೆ ಕಡಿಮೆ ಹೇಳಿದರು, ಹೋಗಿ ನೋಡಿದರೆ ನಾಲ್ಕರಲ್ಲಿ ಎರಡು ಟೈರು ತಯಾರಾಗಿ ಮೂರು ವರ್ಷ ಹತ್ತಿರ ಆಗಿತ್ತು. ಕೇಳಿದ್ದಕ್ಕೆ, ಪ್ಯಾಕ್ ಒಡೆದಿಲ್ಲ ಹೊಸದೇ ಅಂದರು. ಒಪ್ಪದೆ ವಾಪಸ್ ಬಂದೆ. ಎರಡನೇ ಅಂಗಡಿ ಖಾನಾಪುರ ರಸ್ತೆಯಲ್ಲಿ, ಒಳಗೆ ನಾಲ್ಕು ಜನ, ಬೋರ್ಡ್ ಕೂಡ ದೊಡ್ಡದಿಲ್ಲ. ಅವರು ಟೈರು ತರಿಸಿ, ನನ್ನ ಮುಂದೆಯೇ ನಾಲ್ಕರ ತಾರೀಖು ಓದಿ ತೋರಿಸಿದರು. ನಾಲ್ಕು ತಿಂಗಳ ಒಳಗಿನವು. ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಸೇರಿ ಅರ್ಧ ಲಕ್ಷದ ಹತ್ತಿರ ಬಂತು.

ಹಾಕಿದ ಹುಡುಗನ ಕೆಲಸ ನಾನು ನಿಂತು ನೋಡಿದೆ. ಟೈರು ಬಿಚ್ಚಿದ ಮೇಲೆ ರಿಮ್‌ನ ಅಂಚನ್ನು ತಂತಿ ಬ್ರಷ್‌ನಿಂದ ಸುತ್ತಲೂ ಉಜ್ಜಿದ, ಬೆರಳು ಆಡಿಸಿ ನೋಡಿದ, ಒಂದು ಕಡೆ ಮತ್ತೆ ಉಜ್ಜಿದ. ಹಳೆ ವಾಲ್ವ್ ಕಿತ್ತು ಹೊಸದು ಕೂರಿಸಿದ. ಹೊಸ ಟೈರಿನ ಮೇಲೆ ಒಂದು ಹಳದಿ ಚುಕ್ಕೆ ಇರುತ್ತದೆ, ಟೈರಿನ ಅತಿ ಹಗುರ ಜಾಗ ಅದು. ಆ ಚುಕ್ಕೆಯನ್ನು ವಾಲ್ವ್‌ಗೆ ಸರಿಯಾಗಿ ತಂದು ನಿಲ್ಲಿಸಿ ಆಮೇಲೆ ಗಾಳಿ ಬಿಟ್ಟ. ಹಾಗೆ ಮಾಡಿದರೆ ಬ್ಯಾಲೆನ್ಸಿಂಗ್‌ಗೆ ಸೀಸದ ತುಂಡು ಕಡಿಮೆ ಸಾಕು. ಈ ಟೈರಿಗೆ ಒಳಗಿನ ಮಗ್ಗುಲು, ಹೊರಗಿನ ಮಗ್ಗುಲು ಬೇರೆ ಬೇರೆ. ಔಟ್‌ಸೈಡ್ ಅಂತ ಬರೆದ ಕಡೆ ಹೊರಗೇ ಬರಬೇಕು. ಅದನ್ನೂ ನಾಲ್ಕರಲ್ಲಿ ಕೈಯಿಂದ ತಟ್ಟಿ ತಟ್ಟಿ ಖಾತ್ರಿ ಮಾಡಿಕೊಂಡ. ಕೊನೆಗೆ ಚಕ್ರ ಹಾಕುವಾಗ ಇನ್ನೊಬ್ಬ ಬೋಲ್ಟ್ ಬಿಗಿಯುವ ಗಾಳಿ ಗನ್ ಎತ್ತಿಕೊಂಡು ಬಂದ. ಇವನು ತಡೆದ. "ಸಾಹೇಬ್ರ ಗಾಡಿಗೆ ಗನ್ ಹಚ್ಚಬ್ಯಾಡ. ಫಿಯಾಟ್‌ಗೆ ನಟ್ ಇರಂಗಿಲ್ಲ, ಬೋಲ್ಟ್ ಹಬ್ಬಿನೊಳಗ ಹೊಕ್ಕೈತಿ, ಆಟೆ ಹೋದ್ರ ಹಬ್ಬೇ ಹೋಗ್ತೈತಿ." ಆಟೆ ಅಂದರೆ ಬೋಲ್ಟ್ ತಿರುಗಿ ಕೂರುವ ಸುರುಳಿ ಗೀರು, ಹಬ್ಬು ಅಂದರೆ ಚಕ್ರ ಕೂರುವ ನಡುಭಾಗ. ಒಂದೊಂದು ಬೋಲ್ಟನ್ನೂ ಮೊದಲು ಬೆರಳಲ್ಲಿ ಐದಾರು ಸುತ್ತು ತಿರುಗಿಸಿ, ಆಮೇಲೆ ಬಿಗಿ ಅಳೆಯುವ ಟಾರ್ಕ್ ಪಾನಾ ಹಾಕಿ, ಕಟ್ ಅನ್ನುವವರೆಗೆ ಎದುರು ಬದುರಾಗಿ ಬಿಗಿದ. 100 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಬಂದು ಬಿಗಿ ನೋಡಿಸಿಕೊಂಡು ಹೋಗಿ ಅಂದ, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಟೈರಿಗೆ ಐದು ಸ್ಟಾರ್ ಕೊಡುವವರು ಇಂಥ ಕೈಗೂ ಕೊಡಬೇಕು. ಎಷ್ಟು ಒಳ್ಳೆ ಟೈರಾದರೂ ಹಾಕುವವನು ಅವಸರ ಮಾಡಿದರೆ ಅರ್ಧ ಗುಣ ಅಲ್ಲೇ ಹೋಗುತ್ತದೆ.

ಮೊದಲ 200-300 ಕಿ.ಮೀ. ಸುಮ್ನೆ ಓಡಿಸಿದೆ. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಂದ ಜಿಡ್ಡು ಇರುತ್ತದೆ, ಅದು ಹೋಗುವವರೆಗೆ ಮಳೆಯಲ್ಲಿ ಅವಸರ ಬೇಡ. ಆಮೇಲೆ ಒಂದು ಭಾನುವಾರ ಅದೇ ರಸ್ತೆ, ಅದೇ ತಿರುವು.

ಮಳೆ ಸುರಿಯುತ್ತಲೇ ಇತ್ತು. ಮೊದಲ ಸಲ 40ರಲ್ಲಿ ಹೋದೆ, ಏನೂ ಆಗಲಿಲ್ಲ. ಮುಂದೆ ಹೋಗಿ ತಿರುಗಿಸಿಕೊಂಡು ಬಂದೆ, ರಸ್ತೆ ಖಾಲಿ ಇರುವುದು ನೋಡಿಕೊಂಡು 50ರಲ್ಲಿ ಹೋದೆ. ಈ ಸಲ ತಿರುವಿನ ಅರ್ಧದಲ್ಲಿ ಬೇಕಂತಲೇ ಆಕ್ಸಿಲರೇಟರ್ ಸ್ವಲ್ಪ ಒತ್ತಿದೆ, ಟರ್ಬೊ ಎದ್ದಿತು. ಸ್ಟಿಯರಿಂಗ್ ಹಗುರವಾಗಲು ಶುರುವಾಯಿತು, ಆದರೆ ನಿಧಾನಕ್ಕೆ. ಮೊದಲು ಹೆಬ್ಬೆರಳಿಗೆ ಗೊತ್ತಾಗುವಷ್ಟು, ಆಮೇಲೆ ಅಂಗೈಗೆ. ಟೈರಿನಿಂದ ಸಣ್ಣದೊಂದು ಸದ್ದು, ಒದ್ದೆ ಬಟ್ಟೆ ನೆಲಕ್ಕೆ ಎಳೆದ ಹಾಗೆ. ಕಾಲು ಕೂದಲೆಳೆಯಷ್ಟು ಸಡಿಲಿಸಿದೆ, ಮುಂಭಾಗ ಮತ್ತೆ ಗೆರೆಗೆ ಬಂತು. ಹಳೆ ಟೈರು ಹೌದು, ಇಲ್ಲ ಅಂತ ಎರಡೇ ಮಾತು ಆಡುತ್ತಿತ್ತು. ಇದು ಪೂರ್ತಿ ವಾಕ್ಯ ಹೇಳುತ್ತದೆ. ನಾನು ಕೊಟ್ಟ ದುಡ್ಡು ಆ ಒಂದು ತಿರುವಿನಲ್ಲೇ ನನಗೆ ವಾಪಸ್ ಬಂತು. ಅಲ್ಲಿಂದ ಮುಂದೆ ಇಡೀ ಮಳೆಗಾಲ ಚೋರ್ಲಾಗೆ ಹೋಗಿದ್ದೇನೆ, ಒಂದು ಸಲವೂ ಹೇಳದೆ ಜಾರಿಲ್ಲ.

ಹಾಗಂತ ನಿಂತ ನೀರಿನ ಮೇಲೆ ಯಾವ ಟೈರೂ ದೇವರಲ್ಲ. ನಾಸಾದವರು 1960ರ ದಶಕದಲ್ಲಿ ವಿಮಾನದ ಚಕ್ರಗಳ ಮೇಲೆ ಪ್ರಯೋಗ ಮಾಡಿ ಒಂದು ಲೆಕ್ಕ ಕೊಟ್ಟಿದ್ದಾರೆ. ಟ್ರೆಡ್‌ಗೆ ತೆಗೆಯಲಾಗದಷ್ಟು ನೀರು ನಿಂತಾಗ ಚಕ್ರ ಯಾವ ವೇಗಕ್ಕೆ ತೇಲಲು ಶುರುವಾಗುತ್ತದೆ ಅನ್ನುವುದು ಒಳಗಿನ ಗಾಳಿಯ ಒತ್ತಡದ ಮೇಲೆ ನಿಂತಿರುತ್ತದೆ. 33 ಪಿಎಸ್‌ಐ ಇದ್ದರೆ ಸುಮಾರು 96 ಕಿ.ಮೀ. ವೇಗ. ಗಾಳಿ ನೋಡದೆ 24ಕ್ಕೆ ಇಳಿದಿದ್ದರೆ 82ಕ್ಕೇ ತೇಲುತ್ತದೆ. ಮಳೆಗಾಲದಲ್ಲಿ ಗಾಳಿ ಕಡಿಮೆ ಇದ್ದರೆ ಹಿಡಿತ ಜಾಸ್ತಿ ಅಂತ ನಮ್ಮಲ್ಲಿ ಬಹಳ ಜನ ಹೇಳುತ್ತಾರೆ, ನಂಬಬೇಡಿ. ನಾನು ತಣ್ಣಗಿರುವಾಗ ಮುಂದೆ 33, ಹಿಂದೆ 31 ಇಡುತ್ತೇನೆ. ಪಂಪಿಗೆ ಹೋಗುವಷ್ಟರಲ್ಲಿ ಟೈರು ಬಿಸಿಯಾಗುತ್ತದೆ, ಅದಕ್ಕೆ ಮನೆಯಲ್ಲೇ ಒಂದು ಗೇಜ್ ಇಟ್ಟುಕೊಂಡಿದ್ದೇನೆ. ಹೆದ್ದಾರಿಯಲ್ಲಿ ಜೋರು ಮಳೆ ಬಂದರೆ 70ಕ್ಕೆ ಇಳಿಯುತ್ತೇನೆ, ಟೈರು ಯಾವುದೇ ಇರಲಿ.

ಜನವರಿಯಲ್ಲಿ ಟ್ರಾಕ್‌ಗೆ ಹೋದೆ. ಈ ಕಾರನ್ನು ನಿಜವಾಗಿ ಜೋರಾಗಿ ಓಡಿಸುವ ಆಸೆ ಇದ್ದವರು ಅದನ್ನು ಅಲ್ಲೇ ತೀರಿಸಿಕೊಳ್ಳಬೇಕು, ಘಾಟಿಯಲ್ಲಿ ಅಲ್ಲ. ಘಾಟಿಯಲ್ಲಿ ಎದುರಿಗೆ ಬರುವವರು ನಮ್ಮ ಆಟಕ್ಕೆ ಒಪ್ಪಿಕೊಂಡು ಬಂದವರಲ್ಲ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈನಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನವರ ಟ್ರಾಕ್ ಇದೆ, 1990ರಿಂದ ನಡೆಯುತ್ತಿದೆ, ಒಂದು ಸುತ್ತು 3.7 ಕಿ.ಮೀ., 12 ತಿರುವು. ನಮಗೆ ದಾರಿ ಸುಲಭ. ಸುವರ್ಣ ವಿಧಾನಸೌಧದ ಮುಂದೆ ಹೋಗುವ ಎನ್‌ಎಚ್ 48 ಇದೆಯಲ್ಲ, ಅದೇ ರಸ್ತೆ ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರು ದಾಟಿ ಆ ಟ್ರಾಕ್‌ನ ಊರಿಗೇ ಹೋಗುತ್ತದೆ. ಸುಮಾರು 800 ಕಿ.ಮೀ. ಹಿಂದಿನ ದಿನ ಬೆಳಿಗ್ಗೆ ನಾಲ್ಕಕ್ಕೆ ಹೊರಟು ರಾತ್ರಿ ಅಲ್ಲೇ ಉಳಿದೆ.

ಟ್ರಾಕ್‌ನಲ್ಲಿ ಒಂದೊಂದು ಸರದಿ 15 ನಿಮಿಷ. ಹೊರಡುವ ಮುನ್ನ ಮುಂದಿನ ಟೈರಿನ ಭುಜಕ್ಕೆ ಸೀಮೆಸುಣ್ಣದಲ್ಲಿ ಅಡ್ಡ ಗೆರೆ ಎಳೆದೆ. ವಾಪಸ್ ಬಂದಾಗ ಸುಣ್ಣ ಎಲ್ಲಿಯವರೆಗೆ ಅಳಿಸಿದೆ ನೋಡಿದರೆ, ತಿರುವಿನಲ್ಲಿ ಟೈರು ಎಷ್ಟು ಮಗುಚಿಕೊಂಡಿದೆ ಗೊತ್ತಾಗುತ್ತದೆ. ಈ ಟ್ರಾಕ್ ಗಡಿಯಾರದ ದಿಕ್ಕಿನಲ್ಲಿ ಸುತ್ತುವುದು, ಬಲ ತಿರುವುಗಳೇ ಜಾಸ್ತಿ, ಹಾಗಾಗಿ ಎಡಗಡೆಯ ಮುಂದಿನ ಟೈರು ಪಾಪ ಎಲ್ಲರ ಕೆಲಸ ಒಂದೇ ಮಾಡುತ್ತದೆ. ಮೊದಲ ಸರದಿ ಮುಗಿದಾಗ ಅದರಲ್ಲಿ 33 ಇದ್ದ ಗಾಳಿ 40 ದಾಟಿತ್ತು. ಕೈ ಇಟ್ಟರೆ ದೋಸೆ ಹಂಚಿನ ಬಿಸಿ, ರಬ್ಬರು ಸಣ್ಣ ಸಣ್ಣ ಉಂಡೆಯಾಗಿ ಅಂಚಿಗೆ ಅಂಟಿಕೊಂಡಿತ್ತು. ಬಿಸಿಯಲ್ಲೇ 36ಕ್ಕೆ ಇಳಿಸಿದೆ. ಎರಡನೇ ಸರದಿಯಲ್ಲಿ ವ್ಯತ್ಯಾಸ ಕೂಡಲೇ ಗೊತ್ತಾಯಿತು, ಬ್ರೇಕ್ ಒತ್ತಿದಾಗ ಮುಂಭಾಗ ಅತ್ತಿತ್ತ ಹೊಯ್ದಾಡುವುದು ನಿಂತಿತು. ಮೂರನೇ ಗೇರ್‌ನಲ್ಲಿ ಪೂರ್ತಿ ಒತ್ತಿ ಬಲಕ್ಕೆ ತಿರುಗುವಾಗ ಟೈರು ಉದ್ದಕ್ಕೂ ಒಂದೇ ಸ್ವರದಲ್ಲಿ ಹಾಡುತ್ತಿತ್ತು. ಆ ಸ್ವರ ಏರಿದರೆ ಕಾಲು ಬಿಡು, ಅದೇ ಮಟ್ಟದಲ್ಲಿದ್ದರೆ ಹಾಗೇ ಇರು. ಎರಡು ಸುತ್ತಿನಲ್ಲಿ ಕಿವಿಗೆ ಅಭ್ಯಾಸವಾಯಿತು. ಆರೇಳು ಸುತ್ತಾದ ಮೇಲೆ ಹಿಡಿತ ಸ್ವಲ್ಪ ಜಿಡ್ಡಾದ ಹಾಗೆ ಅನ್ನಿಸುತ್ತದೆ, ಇದು ರಸ್ತೆಗೆ ಮಾಡಿದ ಟೈರು, ರೇಸ್ ಟೈರಲ್ಲ. ಒಂದು ಸುತ್ತು ನಿಧಾನಕ್ಕೆ ಓಡಿಸಿ ತಣ್ಣಗಾಗಿಸಿದರೆ ಮತ್ತೆ ಮೊದಲಿನಂತೆ. ಐದು ಸರದಿ ಓಡಿಸಿದೆ. ಸಂಜೆ ಮತ್ತೆ ಗಾಳಿ ತುಂಬಿಸಿ, ಅದೇ ಟೈರಿನಲ್ಲಿ 800 ಕಿ.ಮೀ. ಮನೆಗೆ ಬಂದೆ. ಬೆಳಗಾವಿಯಂಥ ಊರಿನವರಿಗೆ ಇದು ದೊಡ್ಡ ವಿಷಯ, ಇನ್ನೊಂದು ಜೊತೆ ಟೈರು ಹೊತ್ತುಕೊಂಡು ಹೋಗಲು ಈ ಕಾರಿನಲ್ಲಿ ಜಾಗವೂ ಇಲ್ಲ.

ಇನ್ನು ಸಣ್ಣ ಪುಟ್ಟದ್ದು. ಸದ್ದು: ಡಾಂಬರು ನುಣುಪಾಗಿದ್ದರೆ ಏನೂ ಇಲ್ಲ, ಕಾಂಕ್ರೀಟ್ ರಸ್ತೆಯಲ್ಲಿ ಹಳೆಯದಕ್ಕಿಂತ ಕಡಿಮೆಯೇ. ಗುಂಡಿ: ಈ ಕಾರಿನ ಸಸ್ಪೆನ್ಷನ್ ಮೊದಲೇ ಬಿಗಿ, ಗೋಡೆ ಐದೂವರೆ ಮಿ.ಮೀ. ಎತ್ತರವಾದದ್ದರಿಂದ ಬೆನ್ನಿಗೆ ಸ್ವಲ್ಪ ನೆಮ್ಮದಿ. ಮೈಲೇಜ್ ಲೀಟರಿಗೆ ಮುಕ್ಕಾಲು ಕಿ.ಮೀ.ನಷ್ಟು ಇಳಿದಿದೆ, ಅಗಲ ಜಾಸ್ತಿ ಆದರೆ ಅದು ಸಹಜ.

ಕಬ್ಬಿನ ಸೀಸನ್ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ನವೆಂಬರ್‌ನಿಂದ ಬೈಲಹೊಂಗಲ, ಗೋಕಾಕ ಕಡೆ ಹೋದರೆ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರಾಕ್ಟರುಗಳು ಹೊಲದಿಂದ ಎರೆಮಣ್ಣು ಹೊತ್ತು ತಂದು ಡಾಂಬರಿನ ಮೇಲೆ ಬಿಡುತ್ತವೆ. ಬೆಳಗಿನ ಇಬ್ಬನಿ ಬಿದ್ದಾಗ ಆ ರಾಡಿ ಸಾಬೂನಿನ ಹಾಗೆ. ಎರೆಮಣ್ಣು ಗ್ರೂವ್‌ನೊಳಗೆ ತುಂಬಿಕೊಂಡರೆ ಪೈಲಟ್ ಸ್ಪೋರ್ಟ್ ಆದರೂ ಬೋಳು ಟೈರಾದರೂ ಒಂದೇ. ಅಂಥ ಕಡೆ ಮೂವತ್ತಕ್ಕೆ ಇಳಿಸಿ, ನೇರ ರಸ್ತೆ ಸಿಕ್ಕ ಮೇಲೆ ಅರ್ಧ ಕಿ.ಮೀ. ನಿಧಾನಕ್ಕೆ ಓಡಿಸಿ ಮಣ್ಣು ಉದುರಲು ಬಿಡಿ.

ಸವೆತದ ಲೆಕ್ಕ ಹೀಗಿದೆ. ಮುಂದೆ 11 ಸಾವಿರ ಕಿ.ಮೀ.ಗೆ 2.6 ಮಿ.ಮೀ. ಹೋಗಿದೆ, ಅದರಲ್ಲಿ ಟ್ರಾಕ್‌ನ ಒಂದು ದಿನದ್ದೇ ದೊಡ್ಡ ಪಾಲು ಇರಬೇಕು. ಕಾನೂನು 1.6 ಮಿ.ಮೀ.ವರೆಗೆ ಓಡಿಸಲು ಬಿಡುತ್ತದೆ. ನಾನು ಚೋರ್ಲಾ ಮಳೆಗೆ 3ಕ್ಕಿಂತ ಕಡಿಮೆ ಇರುವ ಟೈರು ತೆಗೆದುಕೊಂಡು ಹೋಗುವುದಿಲ್ಲ. ಆ ಲೆಕ್ಕಕ್ಕೆ ಮುಂದಿನವು ಇನ್ನೂ 7-8 ಸಾವಿರ. ವರ್ಷಕ್ಕೆ 20 ಸಾವಿರ ಓಡಿಸಿ, 50 ಸಾವಿರ ಬಾಳಲಿ ಅನ್ನುವವರು, ಮಳೆಯಲ್ಲಿ ಘಾಟಿಗೆ ಹೋಗದವರು, ಇದಕ್ಕೆ ದುಡ್ಡು ಹಾಕಬೇಡಿ. 195/55ರಲ್ಲೇ ಆರಾಮದ ಓಡಾಟಕ್ಕೆ ಮಾಡಿದ ಒಳ್ಳೆ ಟೂರಿಂಗ್ ಟೈರು, ತಾರೀಖು ನೋಡಿ ಹಾಕಿಸಿ, ಚೆನ್ನಾಗಿರುತ್ತದೆ. ಕಾರು ಓಡಿಸುವಾಗ ಕೈಗೆ ರಸ್ತೆ ಗೊತ್ತಾಗಬೇಕು ಅನ್ನುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಒಂದು ತೀರ್ಮಾನ ಉಳಿದಿತ್ತು, ಮುಂದಿನದು ಹಿಂದೆ, ಹಿಂದಿನದು ಮುಂದೆ ಬದಲಿಸಬೇಕೋ ಬೇಡವೋ. ಸವೆತ ಸಮ ಆಗಲಿ ಅಂತ ಈಗಲೇ ಬದಲಿಸೋಣ ಅಂದುಕೊಂಡಿದ್ದೆ. ಆದರೆ ಇನ್ನು ಹತ್ತು ದಿನಕ್ಕೆ ಮಳೆ ಶುರು. 4.8 ಇರುವವು ಹಿಂದೆ ಹೋದರೆ ನೀರಿನಲ್ಲಿ ಮೊದಲು ಹಿಂಭಾಗ ಜಾರುತ್ತದೆ, ಮುಂದಿನಿಂದ ಎಳೆಯುವ ಕಾರಿನಲ್ಲಿ ಅದನ್ನು ಹಿಡಿಯುವುದು ಬಹಳ ಕಷ್ಟ, ಅದೂ ಈ ಕಾರಿನಲ್ಲಿ. ಮುಂಭಾಗ ಜಾರಿದರೆ ಸ್ಟಿಯರಿಂಗ್ ಹೇಳುತ್ತದೆ, ಕಾಲು ಬಿಟ್ಟರೆ ಸರಿಹೋಗುತ್ತದೆ. ಹಾಗಾಗಿ ಈ ಮಳೆಗಾಲ ಆಳ ಇರುವ ಟೈರು ಹಿಂದೆಯೇ ಇರಲಿ. ಬದಲಿಸುವುದು ದಸರಾ ಆದ ಮೇಲೆ, ಅದೇ ಅಂಗಡಿಯಲ್ಲಿ, ಅದೇ ಹುಡುಗನ ಕೈಯಲ್ಲಿ.